1,74,000 ಓಡಿದ ಸ್ಕಾರ್ಪಿಯೊ ತಗೋಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು: ತೀರ್ಥಹಳ್ಳಿ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ತೋಟದ ಮನೆ. ಟಾರ್ ರಸ್ತೆ ಬಿಟ್ಟ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ಕೊನೆಗೊಂದು ಏರು. ಮಳೆಗಾಲದಲ್ಲಿ ನಮ್ಮ ಸಣ್ಣ ಕಾರನ್ನು ಕೆಳಗಿನ ಮನೆಯವರ ಕೊಟ್ಟಿಗೆ ಪಕ್ಕ ನಿಲ್ಲಿಸಿ ನಡೆದು ಹತ್ತುತ್ತೇವೆ. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿದೆ, ಮುಂದಿನ ಮಳೆಗಾಲಕ್ಕೆ ಅದು ನಡೆಯುವುದಿಲ್ಲ.

ಬಜೆಟ್ 7 ಲಕ್ಷ. ಬೆಂಗಳೂರಿನಲ್ಲಿ ಒಂದು 2016ರ ಸ್ಕಾರ್ಪಿಯೊ ಎಸ್10 ನೋಡಿಟ್ಟಿದ್ದೇನೆ. ಡೀಸೆಲ್, ಟೂ ವೀಲ್ ಡ್ರೈವ್, ಎರಡನೇ ಓನರ್, 1,74,000 ಕಿ.ಮೀ. 6.90 ಹೇಳುತ್ತಿದ್ದಾರೆ. ಅದೇ ದುಡ್ಡಿಗೆ 2014ರ ಇನ್ನೊಂದು ಗಾಡಿ ಇದೆ, ಮೀಟರಿನಲ್ಲಿ ಬರೀ 71,000. ಊರಲ್ಲಿ ಯಾರನ್ನು ಕೇಳಿದರೂ "ಲಕ್ಷ ದಾಟಿದ ಗಾಡಿ ಮುಟ್ಟಬೇಡ ಮಾರಾಯ" ಅನ್ನುತ್ತಾರೆ. ಏನು ಮಾಡಲಿ?

ಹಾಸನದಿಂದ

ಸರ್, 2021ರಲ್ಲಿ ನನ್ನದೂ ಇದೇ ಪರಿಸ್ಥಿತಿ. ಕೊನೆಗೆ 1,62,000 ಓಡಿದ ಏಳು ಸೀಟಿನ ಡೀಸೆಲ್ ಗಾಡಿಯನ್ನೇ 5.10 ಲಕ್ಷಕ್ಕೆ ತಗೊಂಡೆ. ಯಾವ ಕಂಪನಿ ಅಂತ ಬೇಡ, ಹೆಸರು ಹೇಳಿದ ಕೂಡಲೇ ಎಲ್ಲರೂ ಅದರ ಹಿಂದೆ ಬೀಳುತ್ತಾರೆ. ಈಗ ಮೀಟರ್ 2,31,000 ತೋರಿಸುತ್ತಿದೆ. ಇಂಜಿನ್ ಇನ್ನೂ ಬಿಚ್ಚಿಲ್ಲ.

ಮೊದಲು ಆ 1,74,000ದ ಲೆಕ್ಕ ನೋಡಿ. ಒಂಬತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 19,000 ಚಿಲ್ಲರೆ, ತಿಂಗಳಿಗೆ 1,600. ಬೆಂಗಳೂರಿನಲ್ಲಿದ್ದು ತಿಂಗಳಿಗೆ ಎರಡು ಸಲ ನಿಮ್ಮ ಕಡೆಗೆ ಬಂದುಹೋದರೂ ಅದರ ಹತ್ತಿರ ಬರುತ್ತದೆ, ಅಲ್ವಾ? ಹೈವೇಯಲ್ಲಿ ಗಂಟೆಗೆ 60ರ ಲೆಕ್ಕದಲ್ಲಿ 1,74,000 ಓಡಲು ಇಂಜಿನ್ 2,900 ಗಂಟೆ ದುಡಿದಿರುತ್ತದೆ. ಸಿಟಿ ಟ್ರಾಫಿಕ್ಕಿನಲ್ಲಿ 20ರಲ್ಲಿ ತೆವಳಿದ ಗಾಡಿ 71,000ಕ್ಕೇ 3,550 ಗಂಟೆ ದುಡಿದಿರುತ್ತದೆ. ಮೇಲಿಂದ ಕ್ಲಚ್ಚು, ಬ್ರೇಕು, ಗೇರು ಸಾವಿರ ಸಲ ಜಾಸ್ತಿ. ಹಾಗಾಗಿ ಎಷ್ಟು ಓಡಿದೆ ಅಂತ ಕೇಳಿದ ಮೇಲೆ ಎಲ್ಲಿ ಓಡಿದೆ, ಅದಕ್ಕೆ ಬಿಲ್ ಎಲ್ಲಿದೆ ಅಂತಲೂ ಕೇಳಿ.

ಆ 71,000ದ ಗಾಡಿ ನನಗೆ ಜಾಸ್ತಿ ಅನುಮಾನ. ಯಾಕೆಂದರೆ ನಾನೂ ಅಂಥದ್ದೊಂದನ್ನು ತುಮಕೂರಿನಲ್ಲಿ ನೋಡಲು ಹೋಗಿದ್ದೆ. ಮೀಟರಿನಲ್ಲಿ 58,000. ಒಳಗೆ ಸೀಟ್ ಕವರ್ ಹೊಸದು, ಡ್ಯಾಶ್‌ಬೋರ್ಡ್ ಮೇಲೆ ದೇವರು, ಪಾಲಿಶ್ ಘಮಘಮ. ಜೊತೆಗೆ ಬಂದಿದ್ದ ನಮ್ಮ ಮೇಸ್ತ್ರಿ ಗಾಡಿ ಸುತ್ತಲಿಲ್ಲ, ಸೀದಾ ಬಗ್ಗಿ ಕ್ಲಚ್ ಪೆಡಲ್ ನೋಡಿದರು. ರಬ್ಬರಿನ ಗೆರೆ ಪೂರ್ತಿ ಸವೆದು ಒಂದು ಮೂಲೆಯಲ್ಲಿ ಕಬ್ಬಿಣ ಹೊಳೆಯುತ್ತಿತ್ತು. ಆಮೇಲೆ ಡ್ರೈವರ್ ಬಾಗಿಲು ತೆಗೆದು ಅಂಚಿನಲ್ಲಿ ಬೆರಳಾಡಿಸಿದರು. ಅಲ್ಲೊಂದು ಆಯಿಲ್ ಸ್ಟಿಕ್ಕರ್ ಅರ್ಧ ಕಿತ್ತು ಹೋಗಿತ್ತು. ಉಳಿದ ಅರ್ಧದಲ್ಲಿ ಬಾಲ್‌ಪೆನ್ನಿನಲ್ಲಿ ಬರೆದಿದ್ದ ಮುಂದಿನ ಸರ್ವೀಸ್: 1,41,000. ಮೇಸ್ತ್ರಿ ಏನೂ ಮಾತಾಡಲಿಲ್ಲ. ಬಾಗಿಲು ಹಾಕಿ "ಕಾಫಿ ಕುಡಿಯೋಣ ಬನ್ನಿ ಸಾರ್" ಅಂದರು, ಅಷ್ಟೇ.

ಟೈರನ್ನೂ ಓದಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3214 ಅಂದರೆ 2014ರ 32ನೇ ವಾರ ತಯಾರಾದದ್ದು. ಸ್ಟೆಪ್ನಿ ಗಾಡಿಯ ವಯಸ್ಸಿನದೇ ಇದ್ದು ನಾಲ್ಕೂ ಟೈರು ಹೊಸವಾದರೆ, ಎಷ್ಟನೇ ಸೆಟ್ ಇದು ಅಂತ ಕೇಳಿ. ಒಂದು ಸೆಟ್ ಸುಮಾರು 50,000 ಕಿ.ಮೀ. ಬರುತ್ತದೆ ಅಂತ ಇಟ್ಟುಕೊಂಡರೆ ಮೂರನೇ ಸೆಟ್ ಹಾಕಿದ ಗಾಡಿ 71,000 ಓಡಿರಲು ಸಾಧ್ಯವಾ?

ಇನ್ನು ಇಂಜಿನ್. ಮುಂಚಿನ ದಿನವೇ ಫೋನ್ ಮಾಡಿ "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ, ಬೆಳಿಗ್ಗೆ ಏಳಕ್ಕೇ ಹೋಗಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ನಾನು ನೋಡಿದ ಒಂದು ಗಾಡಿಯ ಬಾನೆಟ್ ದೋಸೆ ಕಾವಲಿ ಥರ ಇತ್ತು. "ಈಗ ತಾನೇ ತೊಳೆಸಿಕೊಂಡು ಬಂದೆವು ಸರ್" ಅಂದರು. ನಾನು ಅಲ್ಲಿಂದಲೇ ವಾಪಸ್. ತಣ್ಣಗಿರುವ ಡೀಸೆಲ್ ಇಂಜಿನ್ ಸೆಲ್ಫ್ ಹೊಡೆದ ಮೇಲೆ ಒಂದೆರಡು ಸೆಕೆಂಡಿನಲ್ಲಿ ಹತ್ತಬೇಕು. ಮೊದಲು ಸ್ವಲ್ಪ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದೇ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಇಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು, ಇಂಜೆಕ್ಟರ್ ತೊಂದರೆಯೂ ಇರಬಹುದು. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಸುಮ್ನೆ ತೂತಿನ ಮೇಲೆ ಮಗುಚಿಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಕುಣಿದು ಆಚೆ ಬಿದ್ದು, ತೂತಿನಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಲೆಕ್ಕ. ಆಗ ರೇಟಿನ ಮಾತೇ ಬೇಡ. ಮುಚ್ಚಳದ ಒಳಗೆ ಬೆಣ್ಣೆ ಥರ ಬಿಳಿ ಜಿಡ್ಡು ಇದ್ದರೂ ಕೈ ಮುಗಿದು ಬನ್ನಿ.

ಮೇಸ್ತ್ರಿ ಹತ್ತಿರ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಲ್ಲಿರುವ ಎರರ್ ಓದುವ ಸಾಧನ) ಇದ್ದರೆ ತರಲು ಹೇಳಿ. ಎರರ್ ಇಲ್ಲ ಅಂತ ತೋರಿಸಿದರೆ ಖುಷಿಪಡಬೇಡಿ. ಎರರ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದೂ ಅದರಲ್ಲಿ ಬರುತ್ತದೆ. ಅದು 6 ಕಿ.ಮೀ. ಅಂತಿದ್ದರೆ ನಿಮಗೆ ತೋರಿಸುವ ಮುಂಚೆ ಯಾರೋ ಒರೆಸಿದ್ದಾರೆ.

ಈಗ ಖರ್ಚು. ನನ್ನ ಮೊದಲ ವರ್ಷದ ಚೀಟಿಗಳು ಇನ್ನೂ ಡ್ರಾದಲ್ಲಿವೆ. ಟೈರಿಗೆ 33,600. ಕ್ಲಚ್ ಸೆಟ್ 28,400. ಕೆಳಗಿನ ಆರ್ಮ್ ಬುಷ್, ಬಾಲ್ ಜಾಯಿಂಟ್, ಅಲೈನ್‌ಮೆಂಟ್ ಸೇರಿ 14,200. ವಾಟರ್ ಪಂಪು, ಹೋಸುಗಳು 6,800. ಬ್ಯಾಟರಿ 6,300. ಎಲ್ಲ ಆಯಿಲ್ಲು, ಫಿಲ್ಟರು 11,500. ಒಟ್ಟು 1,00,800. ಹೆಂಡತಿ ಆಗ ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಎರಡನೇ ವರ್ಷ ಬರೀ 19,000. ಮೂರನೇ ವರ್ಷ ಟರ್ಬೊ ಆಯಿಲ್ ಸೋರಿ 41,000 ಹೋಯಿತು. ಆಮೇಲೆ ಮಾಮೂಲಿ ಸರ್ವೀಸ್.

ಹಾಗಾಗಿ 7 ಲಕ್ಷ ಇದ್ದರೆ 6.90ರ ಗಾಡಿ ತಗೋಬೇಡಿ. ಒಂದು ಲಕ್ಷ ಪಕ್ಕಕ್ಕಿಟ್ಟು ಉಳಿದದ್ದರಲ್ಲಿ ಮಾತಾಡಿ. ಚೌಕಾಸಿಗೆ ಇನ್ನೊಂದು ಮಾತು ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ಸೆಸ್ ಹೋಗಿ ಜಿಎಸ್‌ಟಿ 40 ಪರ್ಸೆಂಟಿಗೆ ನಿಂತಿತು, ಮುಂಚೆ ಎಲ್ಲ ಸೇರಿ 50ರ ಹತ್ತಿರ ಇತ್ತು. ಹೊಸದರ ರೇಟು ಇಳಿದ ಮೇಲೆ ಹಳೆಯದಕ್ಕೆ ಹಳೇ ರೇಟೇ ಹೇಳಿದರೆ ಹೇಗೆ ಅಂತ ನಗುತ್ತಾ ಕೇಳಿ.

ಕುಂದಾಪುರದಿಂದ

ಹಾಸನದವರು ಇಂಜಿನ್ ಬಗ್ಗೆ ಹೇಳಿದ್ದು ಸರಿ. ಆದರೆ ನಮ್ಮ ಕರಾವಳಿಯಲ್ಲಿ ಗಾಡಿ ಸಾಯುವುದು ಕೆಳಗಿನಿಂದ ಮಾರಾಯ್ರೆ. ಉಪ್ಪಿನ ಗಾಳಿ. ಸ್ಕಾರ್ಪಿಯೊ ಥರದ್ದು ಲ್ಯಾಡರ್ ಫ್ರೇಮ್ ಗಾಡಿ, ಇಡೀ ಬಾಡಿ ಕೂತಿರುವುದು ಚಾಸಿ ಮೇಲೆ. ಗ್ಯಾರೇಜಿನಲ್ಲಿ ಲಿಫ್ಟಿಗೆ ಏರಿಸಿ, ಸ್ಕ್ರೂ ಡ್ರೈವರ್ ಹಿಡಿಯಿಂದ ಚಾಸಿ ಉದ್ದಕ್ಕೂ ಕುಟ್ಟುತ್ತಾ ಹೋಗಿ. ಟಣ್ ಅನ್ನಬೇಕು. ಟೊಳ್ಳು ಶಬ್ದ ಬಂದು ತುಕ್ಕಿನ ಪದರ ಉದುರಿದರೆ ಬೇಡ. ಅಡಿಯಲ್ಲಿ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಇನ್ನೂ ಅನುಮಾನ ಪಡಿ, ಅದರ ಕೆಳಗೆ ಏನಿದೆಯೋ ದೇವರಿಗೇ ಗೊತ್ತು.

ನೆರೆ ನೀರಲ್ಲಿ ನಿಂತ ಗಾಡಿಗಳೂ ಸಂತೆಗೆ ಬರುತ್ತವೆ. 2018ರಲ್ಲಿ ಕೇರಳ, ಕೊಡಗು, 2019ರಲ್ಲಿ ಬೆಳಗಾವಿ ಕಡೆ ಎಷ್ಟು ಮುಳುಗಿದವು ನೆನಪಿದೆಯಲ್ಲ? ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಅದನ್ನು ಯಾವ ವಾಷಿಂಗ್‌ನವನೂ ತೆಗೆದಿರುವುದಿಲ್ಲ.

ಶಿರಸಿಯಿಂದ

ನಾನು ಶಾಲೆಯಲ್ಲಿ ಪಾಠ ಮಾಡುವವಳು, ಇಂಜಿನ್ ವಿಷಯ ನನಗೆ ತಿಳಿಯದು. ಕಾಗದದ ವಿಷಯದಲ್ಲಿ ಪೆಟ್ಟು ತಿಂದಿದ್ದೇನೆ, ಅದನ್ನು ಹೇಳುತ್ತೇನೆ.

ನಾವು ತಗೊಂಡ ಗಾಡಿಯ ಸಾಲ ಹಳೇ ಓನರ್ ತೀರಿಸಿದ್ದರು, ಅದು ನಿಜ. ಆದರೆ ಆರ್‌ಸಿಯಲ್ಲಿ ಎಚ್‌ಪಿ, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನುವ ನಮೂದು, ತೆಗೆಸಿರಲಿಲ್ಲ. ಸಾಲ ತೀರಿದೆ ಅಂತ ಬ್ಯಾಂಕು ಕೊಟ್ಟ ಎನ್‌ಒಸಿ ಎಲ್ಲೋ ಕಳೆದುಹೋಗಿತ್ತು. ಎಚ್‌ಪಿ ತೆಗೆಸುವ ಫಾರಂ 35ಕ್ಕೆ ಬ್ಯಾಂಕಿನವರ ಸಹಿಗಾಗಿ ಮೂರು ತಿಂಗಳು ಓಡಾಡಿದೆವು. ಅಷ್ಟರಲ್ಲಿ ದುಡ್ಡು ಪೂರ್ತಿ ಕೊಟ್ಟಾಗಿತ್ತು, ಹಳೇ ಓನರಿಗೆ ಯಾವ ಅವಸರವೂ ಇರಲಿಲ್ಲ. ಅದಕ್ಕೇ ಅಡ್ವಾನ್ಸ್ ಕೊಡುವ ಮುಂಚೆಯೇ ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್ (ಗಾಡಿಯ ದಾಖಲೆಯ ನಕಲು) ತೆಗೆಸಿ. ಎಷ್ಟನೇ ಓನರ್, ಸಾಲ ಇದೆಯಾ, ಎಲ್ಲ ಅದರಲ್ಲಿ ಬರುತ್ತದೆ. ಗಾಡಿ ನಂಬರ್ ಹಾಕಿ ಟ್ರಾಫಿಕ್ ಫೈನ್ ಬಾಕಿ ಎಷ್ಟಿದೆ ಅಂತಲೂ ನೋಡಿ, ಬೆಂಗಳೂರಿನ ಗಾಡಿ ಅಂದಮೇಲೆ ಕೇಳಬೇಕಾ. ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬಿಟ್ಟರೆ ಸಾಲದು, ನಿಮ್ಮ ಹೆಸರಿಗೆ ಆರ್‌ಸಿ ಬರುವ ತನಕ ಸ್ವಲ್ಪ ದುಡ್ಡು ಉಳಿಸಿಕೊಳ್ಳಿ.

ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳಬರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ದುಡ್ಡು ಕೈಯಿಂದ ಹೋಗುತ್ತದೆ. ಮತ್ತೆ, ಇದು 2016ರದ್ದಾದ್ದರಿಂದ ಆರ್‌ಸಿ 2031ರವರೆಗೆ. ಆಮೇಲೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸಿ ಐದೈದು ವರ್ಷ ಮುಂದುವರಿಸಬೇಕು. 2014ರದ್ದಕ್ಕೆ ಆ ಕೆಲಸ ಎರಡು ವರ್ಷ ಮುಂಚೆಯೇ ಬರುತ್ತದೆ.

ಹುಬ್ಬಳ್ಳಿಯಿಂದ

ಯಾರಾದರೂ ದೆಹಲಿ ಗಾಡಿ ತೋರಿಸಿ ಇದಕ್ಕಿಂತ ಲಕ್ಷ ರೂಪಾಯಿ ಕಡಿಮೆ ಅಂದರೆ ಬೀಳಬೇಡ್ರೀ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ಎನ್‌ಜಿಟಿ (ಹಸಿರು ನ್ಯಾಯಮಂಡಳಿ) ಹೇಳಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದಿತ್ತು. ಅದಕ್ಕೇ ಅಲ್ಲಿಂದ ಅಗ್ಗಕ್ಕೆ ಬರುತ್ತಿದ್ದವು. ಇಲ್ಲಿಗೆ ತಂದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಬೇಕು, ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ನಮ್ಮ ಭಾವ ತಂದಿದ್ದರು. ಉಳಿಸಿದ್ದಷ್ಟನ್ನೂ ಟ್ಯಾಕ್ಸಿಗೆ ಕಟ್ಟಿದರು. ಕೆಎ ನಂಬರಿನ ಗಾಡಿಗೆ ಈ ರಗಳೆ ಇಲ್ಲ.

ಮೂಡಿಗೆರೆಯಿಂದ

ಎಲ್ಲರೂ ಗಾಡಿ ನೋಡಿದರು, ಏರನ್ನು ಯಾರೂ ನೋಡಲಿಲ್ಲ. ನಿಮ್ಮದು ಟೂ ವೀಲ್ ಅಂದಿರಿ. ಸ್ಕಾರ್ಪಿಯೊದಲ್ಲಿ ಹಿಂದಿನ ಚಕ್ರಕ್ಕೆ ಎಳೆತ. ಹಿಂದೆ ಖಾಲಿ ಇದ್ದರೆ ಒದ್ದೆ ಕೆಂಪು ಮಣ್ಣಲ್ಲಿ ಹಿಂಬದಿ ಹಾವಿನ ಹಾಗೆ ಆಡುತ್ತದೆ. ನಾನು ಜೂನ್ ಬಂದ ಕೂಡಲೇ ಡಿಕ್ಕಿಯಲ್ಲಿ ಎರಡು ಚೀಲ ಮರಳು ಹಾಕಿಬಿಡುತ್ತೇನೆ. ಟೈರು ಬದಲಿಸುವಾಗ ಹೈವೇ ಟೈರ್ ಬಿಟ್ಟು ಆಲ್ ಟೆರೇನ್ ಹಾಕಿಸಿ. ಆಮೇಲೂ ಒಂದೊಂದು ದಿನ ಹತ್ತುವುದಿಲ್ಲ. ಅಪ್ಪನ ಮಂಡಿಗಾಗಿಯೇ ತಗೊಳ್ಳುವುದಾದರೆ ಆ ಏರಿಗೆ ಎರಡು ಗಾಲಿ ಅಗಲಕ್ಕೆ ಕಾಂಕ್ರೀಟ್ ಪಟ್ಟಿ ಹಾಕಿಸಿದರೆ ಎಷ್ಟಾಗುತ್ತದೆ ಅಂತ ಒಂದು ಸಲ ಕೇಳಿ ನೋಡಿ. ಈಗಿನ ಸಣ್ಣ ಕಾರೇ ಹತ್ತಬಹುದು.

ಕೇಳಿದವರು: ತೀರ್ಥಹಳ್ಳಿ ಕಡೆಯಿಂದ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಹೋಗಿ ನೋಡಿ ಬಂದೆ. 71,000ದ ಗಾಡಿಯವರಿಗೆ ಸರ್ವೀಸ್ ಹಿಸ್ಟರಿ ಕಳಿಸಿ ಅಂದಿದ್ದಕ್ಕೆ ಫೋನ್ ಎತ್ತುತ್ತಿಲ್ಲ. ಸ್ಕಾರ್ಪಿಯೊದವರು ಹೇಳಿದಂತೆ ಸ್ಟಾರ್ಟ್ ಮಾಡದೇ ಕಾದಿದ್ದರು, ಬಾನೆಟ್ ಮೇಲೆ ಇಬ್ಬನಿ ಹಾಗೇ ಇತ್ತು. ಒಂದೇ ಸೆಲ್ಫಿಗೆ ಹತ್ತಿತು. ಮುಚ್ಚಳ ಮಗುಚಿಟ್ಟೆ, ನಡುಗಿತು, ಬೀಳಲಿಲ್ಲ. ಚಾಸಿ ಟಣ್ ಅಂತು. ಮುಂದಿನ ಬುಷ್ ಹೋಗಿವೆ, ಟೈರು ಇನ್ನೊಂದು ಮಳೆಗಾಲ ಬರುವುದಿಲ್ಲ. 1,20,000ದವರೆಗೆ ಎಲ್ಲ ಬಿಲ್ ಫೈಲಿನಲ್ಲಿದೆ. ಆಮೇಲಿನದು ಹೊರಗಿನ ಗ್ಯಾರೇಜಂತೆ. ಕ್ಲಚ್ ಹೋದ ವರ್ಷ ಹಾಕಿಸಿದ್ದೇವೆ ಅನ್ನುತ್ತಾರೆ.

ನಾನು 5.75 ಅಂದೆ. ಅವರು 6.40ಕ್ಕೆ ಬಂದು ನಿಂತಿದ್ದಾರೆ. ಕಾಂಕ್ರೀಟ್ ಪಟ್ಟಿಗೂ ಒಬ್ಬರನ್ನು ಕರೆಸಿದ್ದೇನೆ, ನಾಳೆ ಬಂದು ಅಳತೆ ತಗೊಳ್ಳುತ್ತಾರೆ. ಕ್ಲಚ್ಚಿನ ಬಿಲ್ಲಿನ ಫೋಟೊ ಸಂಜೆಯೊಳಗೆ ಕಳಿಸುತ್ತೇನೆ ಅಂದಿದ್ದರು. ಈಗ ರಾತ್ರಿ ಒಂಬತ್ತೂವರೆ, ಇನ್ನೂ ಬಂದಿಲ್ಲ.