ಅಪ್‌ಡೇಟ್: ನಮ್ಮ ಹೋಳಿಗೆ ದುಬೈ ಮುಟ್ಟಿತು

ಕಲಬುರಗಿಯಿಂದ ಫ್ರೋಜನ್ ಶೇಂಗಾ ಹೋಳಿಗೆಯನ್ನು ಹಡಗಿನಲ್ಲಿ ದುಬೈಗೆ ಕಳಿಸೋದು ಹೇಗೆ ಅಂತ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಮಾಲು ಮುಟ್ಟಿತು, ಒಂದೂ ಕೆಟ್ಟಿಲ್ಲ!

ನೀವು ಹೇಳಿದ ಒಂದು ಮಾತು ನಮ್ಮನ್ನು ಉಳಿಸಿತು. ರೀಫರ್ ಕಂಟೇನರ್ (ತಂಪು ಯಂತ್ರ ಇರೋ ಸರಕು ಪೆಟ್ಟಿಗೆ) ಮಾಲನ್ನು ಹೆಪ್ಪುಗಟ್ಟಿಸೋದಿಲ್ಲ, ಇದ್ದ ತಂಪನ್ನು ಕಾಯುತ್ತದೆ ಅಷ್ಟೇ. ನಾನು ಉಲ್ಟಾ ತಿಳಿದಿದ್ದೆ. ಹಾಗಾಗಿ ಮೊದಲೇ ಮೈನಸ್ 18 ಡಿಗ್ರಿಗೆ ಗಟ್ಟಿ ಮಾಡಿ ಆಮೇಲೆ ತುಂಬಿದೆವು. ಎಲ್ಲಿವರೆಗೆ ತುಂಬಬಹುದು ಅಂತ ಕಂಟೇನರ್ ಒಳಗೆ ಹಾಕಿರೋ ಕೆಂಪು ಗೆರೆ ದಾಟಿ ಪೆಟ್ಟಿಗೆ ಪೇರಿಸಲಿಲ್ಲ. ತಂಪು ಗಾಳಿ ಕೆಳಗಿನಿಂದ ಬಂದು ಮೇಲಿಂದ ವಾಪಸ್ ಹೋಗಬೇಕಲ್ವಾ.

ಸೊಲ್ಲಾಪುರ ದಾಟಿ ಮುಂಬೈ ಹತ್ತಿರದ ನವಾ ಶೇವಾ ಬಂದರಿನವರೆಗೆ ಕಂಟೇನರ್‌ಗೆ ಕರೆಂಟ್ ಕೊಡೋ ಜನರೇಟರ್ ಓಡುತ್ತಲೇ ಇತ್ತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಜಾಸ್ತಿ ಭಯವಿತ್ತು. ದಾರಿಯುದ್ದಕ್ಕೂ ಒಳಗಿನ ತಾಪಮಾನ ದಾಖಲಿಸೋ ಟೆಂಪರೇಚರ್ ಲಾಗರ್‌ನ ಗೆರೆ ನೋಡಿದ ಮೇಲೇ ಸಮಾಧಾನ.

ಇಡೀ ಕಂಟೇನರ್ ನಮ್ಮಿಂದ ತುಂಬುತ್ತಿರಲಿಲ್ಲ. ಬೀದರಿನ ಒಬ್ಬರು ಜೊತೆಯಾದರು. ಅವರ ಮಾಲೂ ಫ್ರೋಜನ್, ಅದಕ್ಕೇ ಹೊಂದಿತು.