ಒಬ್ರು ಕೆಮ್ಮಿದ್ರೆ ವಾರದಲ್ಲಿ ಅರ್ಧ ಆಫೀಸ್ ಮಲಗುತ್ತೆ, ಏನ್ ಮಾಡೋದು?

ಮೂಲೆಮೇಜು:
ಎಲ್ರಿಗೂ ನಮಸ್ಕಾರ. ನಮ್ದು ಸಣ್ಣ ಆಫೀಸು, ಒಂದೇ ಹಾಲ್‌ನಲ್ಲಿ 22 ಜನ ಕೂರ್ತೀವಿ, ಕಿಟಕಿಗಳು ಇದಾವೆ ಆದ್ರೆ ಏಸಿ ಇರೋದ್ರಿಂದ ಯಾವಾಗ್ಲೂ ಮುಚ್ಚೇ ಇರ್ತವೆ. ಹದಿನೈದು ದಿನದ ಹಿಂದೆ ಒಬ್ರು ಏನೋ ಡೆಡ್‌ಲೈನ್ ಅಂತ ಜ್ವರ ಕೆಮ್ಮು ಇಟ್ಕೊಂಡೇ ಬಂದ್ರು. ಸೋಮವಾರ ಅವರು, ಗುರುವಾರದ ಹೊತ್ತಿಗೆ ಅವರ ಸಾಲಿನ ನಾಲ್ಕು ಜನ, ಮುಂದಿನ ವಾರ ಎಣಿಸಿದ್ರೆ ಒಟ್ಟು ಒಂಬತ್ತು ಜನ ಮಲಗಿದ್ರು, ನಾನೂ ಅದ್ರಲ್ಲಿ ಒಬ್ಳು. ಟೆಸ್ಟ್ ಮಾಡಿಸಿದ ಇಬ್ರಿಗೆ ಇನ್‌ಫ್ಲುಯೆಂಜಾ ಎ, ಅಂದ್ರೆ ಫ್ಲೂ ಅಂತ ಬಂತು. ಈಗ ಮ್ಯಾನೇಜರ್ ನನ್ನನ್ನ ಕರೆದು ನೀನೇ ಒಂದು ರೂಲ್ಸ್ ಬರಿ ಅಂದಿದಾರೆ. ಅವರ ಐಡಿಯಾ ಅಂದ್ರೆ ಬಾಗಿಲಲ್ಲಿ ಟೆಂಪರೇಚರ್ ಗನ್, ಟೇಬಲ್‌ಗೊಂದು ಸ್ಯಾನಿಟೈಸರ್ ಬಾಟ್ಲಿ, ಮಧ್ಯ ಮಧ್ಯ ಪಾರದರ್ಶಕ ಪ್ಲಾಸ್ಟಿಕ್ ಅಡ್ಡಗೋಡೆ. ಇದೆಲ್ಲ ಕೆಲ್ಸ ಮಾಡುತ್ತಾ ಇಲ್ಲ ತೋರಿಕೆಗಾ? ಮಾಡಿ ನೋಡಿರೋರು ಹೇಳಿ ಪ್ಲೀಸ್, ಹುಡುಕಿ ಹುಡುಕಿ ತಲೆ ಕೆಟ್ಟಿದೆ.

ಗಾಳಿಗುದ್ದು:
ನಾನು ಬಿಲ್ಡಿಂಗ್‌ಗಳ ಏಸಿ, ಡಕ್ಟ್ ಮೇಂಟೆನೆನ್ಸ್ ಕೆಲಸದಲ್ಲಿರೋನು, ಹಂಗಾಗಿ ನನ್ನ ಮೊದಲ ಪ್ರಶ್ನೆ: ನಿಮ್ಮ ಏಸಿ ಯಾವ ಥರದ್ದು? ಗೋಡೆಗೆ ಹಾಕಿರೋ ಸ್ಪ್ಲಿಟ್ ಆದ್ರೆ ಅದು ಹೊರಗಿನ ಗಾಳಿ ಒಂದ್ ಚೂರೂ ಒಳಗೆ ತರಲ್ಲ. ತುಂಬಾ ಜನ ಹೊರಗಿನ ಡಬ್ಬ ಫ್ರೆಶ್ ಗಾಳಿ ಎಳೀತಿದೆ ಅನ್ಕೊಂಡಿರ್ತಾರೆ, ಅಲ್ಲ, ಅದು ಒಳಗಿನ ಬಿಸಿನ ಆಚೆ ಹಾಕೋಕೆ ಅಷ್ಟೇ. ರೂಮಿನ ಗಾಳಿನೇ ಎಳ್ಕೊಂಡು, ತಣ್ಣಗೆ ಮಾಡಿ, ಅದನ್ನೇ ವಾಪಸ್ ಮುಖಕ್ಕೆ ಬಿಡುತ್ತೆ. ಬೆಳಿಗ್ಗೆ ಒಬ್ರು ಬಿಟ್ಟ ಉಸಿರನ್ನ ಸಂಜೆ ತನಕ ಎಲ್ರೂ ಹಂಚ್ಕೊಂಡು ಎಳ್ಕೊಳ್ತೀರ ಅಂತ ಅರ್ಥ.

2020ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಒಂದು ಕಾಲ್ ಸೆಂಟರ್‌ನ ಕೇಸ್ ಆಗಿತ್ತಲ್ಲ, ಒಂದೇ ಫ್ಲೋರ್‌ನಲ್ಲಿ 216 ಜನ, ಅವರಲ್ಲಿ 94 ಜನಕ್ಕೆ ಕೋವಿಡ್, ಅದರಲ್ಲೂ ಹೆಚ್ಚಿನೋರು ಆ ಫ್ಲೋರ್‌ನ ಒಂದೇ ಕಡೆ ಹತ್ತತ್ರ ಕೂತ್ಕೊಂಡು ದಿನವಿಡೀ ಫೋನಲ್ಲಿ ಮಾತಾಡ್ತಿದ್ದೋರು. ಅದೇ ಬಿಲ್ಡಿಂಗ್‌ನ ಬೇರೆ ಫ್ಲೋರ್‌ನೋರು ಅದೇ ಲಿಫ್ಟಲ್ಲಿ ಓಡಾಡಿದ್ರೂ ಅವರಲ್ಲಿ ಬೆರಳೆಣಿಕೆಯಷ್ಟು ಜನಕ್ಕೆ ಮಾತ್ರ ಬಂತು. ಲಿಫ್ಟ್ ಬಟನ್ ಮುಟ್ಟಿದ್ದಕ್ಕಿಂತ ಒಂದೇ ಗಾಳೀಲಿ ಗಂಟೆಗಟ್ಲೆ ಕೂತಿದ್ದೇ ಹೊಡೆದಿದ್ದು.

ಅದಕ್ಕೇ ಗನ್ ಬಿಟ್ಟು ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತಗೊಳಿ, ಎನ್‌ಡಿಐಆರ್ ಸೆನ್ಸರ್ (ಇನ್‌ಫ್ರಾರೆಡ್ ಬೆಳಕಿಂದ ಆ ಅನಿಲಾನೇ ಅಳೆಯೋದು) ಇರೋದೇ ನೋಡಿ ತಗೊಳಿ, ಉಳಿದವುಗಳಲ್ಲಿ ಎಷ್ಟೋ ಸುಮ್ನೆ ಏನೋ ಒಂದು ನಂಬರ್ ತೋರಿಸ್ತವೆ. ಹೊರಗಿನ ಗಾಳೀಲಿ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳೀಲಿ 420 ಭಾಗ) ಇರುತ್ತೆ, ನಾವು ಬಿಡೋ ಉಸಿರಲ್ಲಿ ಹತ್ತಿರ ಹತ್ತಿರ 40,000. ಹಾಲ್‌ನಲ್ಲಿ 800ರ ಒಳಗಿದ್ರೆ ಪರವಾಗಿಲ್ಲ, 1500 ದಾಟಿದ್ರೆ ಬೇರೆಯವರು ಬಿಟ್ಟ ಉಸಿರು ಇರ್ಬೇಕಾದ್ದಕ್ಕಿಂತ ಜಾಸ್ತಿ ನಿಮ್ಮೊಳಗೆ ಹೋಗ್ತಿದೆ ಅಂತ, ಆಗ ಏಸಿ ಓಡ್ತಿದ್ರೂ ಕಿಟಕಿ ಸ್ವಲ್ಪ ತೆಗೀರಿ. ಮೀಟರ್ ವೈರಸ್ ಅಳೆಯಲ್ಲ, ಗಾಳಿ ಎಷ್ಟು ಹಳಸಿದೆ ಅನ್ನೋದನ್ನ ಹೇಳುತ್ತೆ. ಅಡ್ಡಗೋಡೆ ಕೌಂಟರ್‌ನಲ್ಲಿ ಎದುರಾಬದುರು ನಿಂತು ಮಾತಾಡೋ ಕಡೆ ಎಂಜಲು ಹನಿ ತಡೆಯುತ್ತೆ, ಹಾಲ್ ತುಂಬ ಹಾಕಿದ್ರೆ ಇರೋ ಗಾಳಿನೂ ಓಡಾಡದ ಹಾಗೆ ಮೂಲೆ ಮೂಲೇಲಿ ನಿಲ್ಲಿಸುತ್ತೆ.

ಅಡ್ಡಮಾತು:
ಕಿಟಕಿ ತೆಗೀಬೇಕಂತೆ, ಏಸಿನೂ ಓಡ್ಬೇಕಂತೆ, ಕರೆಂಟ್ ಬಿಲ್ ನೀವು ಕಟ್ತೀರಾ ಸ್ವಾಮಿ? ಒಂದು ನೆಗಡಿಗೆ ಇಷ್ಟೆಲ್ಲಾನಾ, ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು.

ನೈಟ್‌ಶಿಫ್ಟ್ ಸಿಸ್ಟರ್:
@ಅಡ್ಡಮಾತು ಒಂಬತ್ತು ಜನ ನಾಲ್ಕೈದು ದಿನ ಮಲಗಿದ್ರೆ ಎಷ್ಟು ಕೆಲಸದ ದಿನ ಹೋಯ್ತು ಲೆಕ್ಕ ಹಾಕಿ, ಆಮೇಲೆ ಬಿಲ್ ಬಗ್ಗೆ ಮಾತಾಡೋಣ. ಇನ್‌ಫ್ಲುಯೆಂಜಾ ನೆಗಡಿ ಅಲ್ಲ, ವಯಸ್ಸಾದೋರು, ಬಸುರಿಯರು, ಶುಗರ್ ಅಸ್ತಮಾ ಇರೋರು ಇದೇ ಜ್ವರದಲ್ಲಿ ವಾರ್ಡಿಗೆ ಬಂದು ಸೇರೋದನ್ನ ನಾನು ಪ್ರತಿ ಸೀಸನ್ ನೋಡ್ತೀನಿ.

ಮೂಲೆಮೇಜು ಅವರೇ, ಟೆಂಪರೇಚರ್ ಗನ್ ಅಂದ್ರೆ ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಫ್ಲೂ ಲಕ್ಷಣ ಶುರುವಾಗೋಕೆ ಒಂದು ದಿನ ಮುಂಚೆನೇ ಹರಡೋಕೆ ಶುರು, ಆಮೇಲೆ ಐದರಿಂದ ಏಳು ದಿನ, ಜಾಸ್ತಿ ಹರಡೋದು ಮೊದಲ ಮೂರ್ನಾಲ್ಕು ದಿನ. ಕೋವಿಡ್‌ನಲ್ಲಿ ಕೆಲವರಿಗೆ ಜ್ವರನೇ ಬರಲ್ಲ. ಇನ್ನು ನಮ್ ಜನ ಎರಡು ಪ್ಯಾರಾಸಿಟಮಾಲ್ ನುಂಗಿ ಬಂದ್ರೆ ಗನ್ ಪಾಪ ಏನ್ ಮಾಡುತ್ತೆ, ಹಸಿರು ಲೈಟ್ ತೋರಿಸಿ ಒಳಗೆ ಬಿಡುತ್ತೆ. ವಾಪಸ್ ಯಾವಾಗ ಬರ್ಬೇಕು ಅನ್ನೋದಕ್ಕೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2024ರಲ್ಲಿ ಹೇಳಿದ್ದು ನಂಗೆ ಸರಿ ಅನ್ಸುತ್ತೆ: ಜ್ವರದ ಮಾತ್ರೆ ತಗೊಳ್ದೇನೆ 24 ಗಂಟೆ ಜ್ವರ ಇರ್ಬಾರ್ದು, ಒಟ್ಟಾರೆ ಸುಸ್ತು ಕೆಮ್ಮು ಕಮ್ಮಿ ಆಗ್ತಾ ಇರ್ಬೇಕು, ಅದಾದ್ಮೇಲೂ ಐದು ದಿನ ಮಾಸ್ಕು, ಸ್ವಲ್ಪ ದೂರ. ಈ "ಮಾತ್ರೆ ತಗೊಳ್ದೇನೆ" ಅನ್ನೋದನ್ನ ರೂಲ್ಸಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಮಾಸ್ಕ್ ಅಂದ್ರೆ ಎನ್95, ಮೂಗಿನ ಹತ್ರ ಸಂದು ಇಲ್ದೇ ಕೂರ್ಬೇಕು, ಗದ್ದಕ್ಕೆ ನೇತಾಕ್ಕೊಳ್ಳೋದಲ್ಲ. ವಾಲ್ವ್ ಇರೋದು ಬೇಡ, ಕೆಮ್ಮೋರು ಹಾಕ್ಕೊಂಡ್ರೆ ಬಿಡೋ ಉಸಿರು ಸೋಸದೇನೆ ಆಚೆ ಹೋಗುತ್ತೆ. ಸ್ಯಾನಿಟೈಸರ್ ದಂಡ ಅಂತ ಹೇಳಲ್ಲ, 60 ಪರ್ಸೆಂಟ್ ಮೇಲೆ ಆಲ್ಕೋಹಾಲ್ ಇರ್ಲಿ, ಸೋಪು ನೀರು ಇದ್ರೆ 20 ಸೆಕೆಂಡ್ ತೊಳೀರಿ, ಹೆಡ್‌ಸೆಟ್ ಹಂಚ್ಕೋಬೇಡಿ. ಆದ್ರೆ ಟೇಬಲ್ ಒರೆಸೋದ್ರಲ್ಲೇ ಎಲ್ಲಾ ಶಕ್ತಿ ಖರ್ಚು ಮಾಡ್ಬೇಡಿ. ಫ್ಲೂ ಲಸಿಕೆ ಪ್ರತಿ ವರ್ಷ ತಗೋಬೇಕು, ಕೆಲಸ ಮಾಡೋಕೆ ಎರಡು ವಾರ ಹಿಡಿಯುತ್ತೆ, ಹಂಗಾಗಿ ಸೀಸನ್ ಶುರುವಾಗೋ ಮುಂಚೆನೇ ಎಲ್ರಿಗೂ ಒಟ್ಟಿಗೆ ಆಫೀಸಲ್ಲೇ ಹಾಕಿಸೋ ಏರ್ಪಾಡಾದ್ರೆ ಒಳ್ಳೇದು.

ಕೆಮ್ಮಣ್ಣ:
ಎಲ್ರೂ ಜ್ವರ ಇಟ್ಕೊಂಡು ಬಂದೋನನ್ನ ಬೈತಿದೀರ, ನಾನು ಅದೇ ಜಾತಿ, ಹೇಳ್ತೀನಿ ಕೇಳಿ. ಹಿಂದಿನ ಆಫೀಸಲ್ಲಿ ನಂಗೆ 102 ಜ್ವರ, ಮೆಸೇಜ್ ಹಾಕಿದ್ರೆ ಬಂದ ರಿಪ್ಲೈ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ". ರಜಾ ಹಾಕಿದ್ರೆ ಸಂಬಳ ಕಟ್, ಮೂರು ದಿನ ಆದ್ರೆ ಡಾಕ್ಟರ್ ಸರ್ಟಿಫಿಕೇಟ್, ಅದರ ಮೇಲೆ ತಿಂಗಳು ಪೂರ್ತಿ ಬಂದೋರಿಗೆ ಚಪ್ಪಾಳೆ ಸಮೇತ ಬಹುಮಾನ ಬೇರೆ. ಹೋದೆ. ಎದುರಿಗೆ ಕೂರೋ ಹುಡುಗನಿಗೆ ಅಂಟಿಸ್ದೆ, ಅವನು ಮನೇಲಿ ಅವರಮ್ಮನಿಗೆ ಅಂಟಿಸ್ದ, ಇವತ್ತಿಗೂ ಅವನ ಮುಖ ನೋಡೋಕೆ ಒಂಥರಾ ಆಗುತ್ತೆ. ನೀವು ನೂರು ರೂಲ್ಸ್ ಬರೀರಿ, ಕಾಯಿಲೆ ರಜಾಕ್ಕೆ ಸಂಬಳ ಕಟ್ ಆಗಲ್ಲ ಅಂತ ಒಂದು ಲೈನ್ ಇಲ್ದಿದ್ರೆ ಜನ ಮಾತ್ರೆ ನುಂಗಿ ಬಂದೇ ಬರ್ತಾರೆ. ಮೊದಲೆರಡು ದಿನಕ್ಕೆ ಸರ್ಟಿಫಿಕೇಟ್ ಕೇಳ್ಬೇಡಿ, ಜ್ವರದಲ್ಲಿ ಒದ್ದಾಡ್ತಾ ಕ್ಲಿನಿಕ್ ಕ್ಯೂನಲ್ಲಿ ಯಾರು ಕೂರ್ತಾರೆ. ಸ್ವಲ್ಪ ಹುಷಾರಿರೋರಿಗೆ ಮನೆಯಿಂದ ಕೆಲಸ ಕೊಡಿ, ಆದ್ರೆ ಮಲಗಿರೋರಿಗೆ ಲಾಗಿನ್ ಆಗು ಅನ್ಬೇಡಿ.

ಮೂಲೆಮೇಜು:
ಎಲ್ರಿಗೂ ಥ್ಯಾಂಕ್ಸ್, ಲೇಟಾಗಿ ಬರೀತಿದೀನಿ. ಪರಿಚಯದೋರ ಹತ್ರ ಮೀಟರ್ ಇಸ್ಕೊಂಡು ಬಂದು ಇಟ್ಟೆ. ಬೆಳಿಗ್ಗೆ 9ಕ್ಕೆ 480, ಮಧ್ಯಾಹ್ನ 3ಕ್ಕೆ 1940! ಹೌದು, ಸ್ಪ್ಲಿಟ್ ಏಸಿನೇ. ಎದುರುಬದುರು ಗೋಡೆಯ ಎರಡು ಕಿಟಕಿ ಒಂದು ಗೇಣು ತೆಗೆದು, ಒಂದ್ರಲ್ಲಿ ಫ್ಯಾನ್ ಹೊರಗೆ ಮುಖ ಮಾಡಿ ಇಟ್ವಿ, ಅರ್ಧ ಗಂಟೇಲಿ 950ಕ್ಕೆ ಇಳೀತು, ಏಸಿ ಆಫ್ ಮಾಡೋದೂ ಬೇಕಾಗ್ಲಿಲ್ಲ. ಮ್ಯಾನೇಜರ್ ಕಣ್ಣಾರೆ ನೋಡಿ ಸುಮ್ನಾದ್ರು, ಗನ್ ಆರ್ಡರ್ ಕ್ಯಾನ್ಸಲ್. ರಜಾ ವಿಷ್ಯಕ್ಕೆ ಮಾತ್ರ "ನೋಡೋಣ" ಅಂದಿದಾರೆ, ನಾನು ಕೆಮ್ಮಣ್ಣ ಅವರ ಕಥೆ ಹೆಸರಿಲ್ದೆ ಪ್ರಿಂಟ್ ತೆಗೆದು ಅವರ ಟೇಬಲ್ ಮೇಲೆ ಇಟ್ಟು ಬಂದಿದೀನಿ. ಈಗ ಅವರಿಗೆ ಏರ್ ಪ್ಯೂರಿಫೈಯರ್ ಹುಚ್ಚು ಹಿಡಿದಿದೆ, ಒಂದು ಸಾಕಾ? ಹಾಲ್ 10 ಮೀಟರ್ ಉದ್ದ, 8 ಅಗಲ, 3 ಎತ್ತರ. ಕಿಟಕಿನೇ ಇಲ್ಲದ ಒಂದು ಮೀಟಿಂಗ್ ರೂಮೂ ಇದೆ.

ಗಾಳಿಗುದ್ದು:
ಹಾಲ್ 240 ಘನ ಮೀಟರ್ ಆಯ್ತು. ಸಿಡಿಸಿ 2023ರಿಂದ ಹೇಳ್ತಿರೋದು ಗಂಟೆಗೆ ಕನಿಷ್ಠ 5 ಸಲ ಗಾಳಿ ಬದಲಾಗೋ ಲೆಕ್ಕ ಬರ್ಬೇಕು ಅಂತ, ಅಂದ್ರೆ ಗಂಟೆಗೆ 1200 ಘನ ಮೀಟರ್. ಪ್ಯೂರಿಫೈಯರ್ ಡಬ್ಬದ ಮೇಲೆ ಸಿಎಡಿಆರ್ ಅಂತ ನಂಬರ್ ಇರುತ್ತೆ, ಎಷ್ಟು ಗಾಳಿ ಸೋಸಿ ಕೊಡುತ್ತೆ ಅಂತ, ಅದು ಗಂಟೆಗೆ 400 ಘನ ಮೀಟರ್ ಇದ್ರೆ ಮೂರು ಬೇಕು, ಕಿಟಕಿ ತೆರೆದೇ ಇರುತ್ತೆ ಅಂದ್ರೆ ಎರಡರಲ್ಲಿ ಸುಧಾರಿಸಬಹುದು. ಆ ನಂಬರ್ ಫುಲ್ ಸ್ಪೀಡ್‌ದು, ಸದ್ದು ಜಾಸ್ತಿ ಅಂತ ಯಾರಾದ್ರೂ ಒಬ್ರು ಎರಡನೇ ದಿನಕ್ಕೇ ಕಮ್ಮಿ ಮಾಡೇ ಮಾಡ್ತಾರೆ, ಅದಕ್ಕೆ ಬೇಕಾಗಿರೋದಕ್ಕಿಂತ ದೊಡ್ಡದೇ ತಗೊಂಡು ಮೀಡಿಯಂನಲ್ಲಿ ಓಡಿಸಿ. ತೀರಾ ಸಣ್ಣ ಕಣಾನೂ ಹಿಡಿಯೋ ಹೆಪಾ ಫಿಲ್ಟರ್ ಇರ್ಲಿ, ಅಯೊನೈಸರ್ (ಗಾಳಿಗೆ ವಿದ್ಯುತ್ ಕಣ ಬಿಡೋದು) ಬಟನ್ ಇದ್ರೆ ಆಫ್. ಪ್ಯೂರಿಫೈಯರ್ ಹಾಕಿದ್ರೆ ಮೀಟರ್ ನಂಬರ್ ಇಳಿಯಲ್ಲ, ಅದು ಕಣ ಹಿಡಿಯುತ್ತೆ, ಕಾರ್ಬನ್ ಡೈಆಕ್ಸೈಡ್ ಹಿಡಿಯಲ್ಲ, ಕೆಟ್ಟೋಗಿದೆ ಅಂತ ವಾಪಸ್ ಕಳಿಸ್ಬೇಡಿ. ಕಿಟಕಿ ಇಲ್ಲದ ರೂಮಲ್ಲಿ ಬಾಗಿಲು ತೆರೆದಿಟ್ಟು ಒಂದು ಸಣ್ಣದು ಇಡಿ, ಮೀಟಿಂಗ್ ಅರ್ಧ ಗಂಟೆಗೆ ಮುಗಿಸಿ, ಅದ್ರಿಂದ ಬೇರೆ ಲಾಭಗಳೂ ಇದಾವೆ. ಮತ್ತೆ ಫಿಲ್ಟರ್ ಮೇಲಿರೋ ಪ್ಲಾಸ್ಟಿಕ್ ಕವರ್ ತೆಗೆದು ಹಾಕಿ, ನಗಬೇಡಿ, ಒಂದ್ ಕಡೆ ಆರು ತಿಂಗಳು ಕವರ್ ಸಮೇತ ಓಡ್ತಿದ್ದಿದ್ದನ್ನ ನಾನೇ ಹೋಗಿ ಬಿಚ್ಚಿದೀನಿ.