ಲಂಕಾದ ಬೆಲೆಯೇರಿಕೆ: ಗೊಬ್ಬರವೋ, ಡಾಲರೋ?

ಶಿರಸಿ ತೋಟಿಗ: 2022ರ ಸೆಪ್ಟೆಂಬರಲ್ಲಿ ಕೊಲಂಬೊದ ಹಣದುಬ್ಬರ ಶೇ. 69.8 ಮುಟ್ಟಿತ್ತು. ಎಲ್ಲರೂ ಸಾಲ ಸಾಲ ಅಂತಾರೆ. 2021ರಲ್ಲಿ ಏಕಾಏಕಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದ್ದನ್ನ ಯಾರೂ ಎತ್ತೋದಿಲ್ಲ. ಭತ್ತ ಕುಸೀತು, ಚಹಾ ಕುಸೀತು, ಅಕ್ಕಿ ಹೊರಗಿಂದ ತರಿಸಬೇಕಾಯ್ತು. ಅಲ್ಲಿಂದಲೇ ಬೆಲೆ ಹತ್ತಿದ್ದು.

ಕುಮಟಾ ಮಾಸ್ತರ: "ಅಲ್ಲಿಂದಲೇ" ಅನ್ನೋದು ತಪ್ಪು. ಗೊಬ್ಬರದ ನಿಷೇಧ 2021ರ ನವೆಂಬರಲ್ಲೇ ವಾಪಸ್ ಆಯ್ತು, ಆ ತಿಂಗಳ ಹಣದುಬ್ಬರ ಶೇ. 9.9. 2022ರ ಮಾರ್ಚಲ್ಲಿ ಲಂಕಾ ರೂಪಾಯಿ ಮೇಲಿನ ಹಿಡಿತ ಬಿಟ್ಟರು. ಡಾಲರಿಗೆ 200 ಇದ್ದದ್ದು 360ರ ಹತ್ತಿರ ಹೋಯ್ತು. ಜೂನಲ್ಲಿ ಶೇ. 54.6! ಅದಕ್ಕೂ ಮೊದಲು, 2019ರ ಕೊನೆಗೆ ವ್ಯಾಟ್ ತೆರಿಗೆಯನ್ನು ಶೇ. 15ರಿಂದ 8ಕ್ಕೆ ಇಳಿಸಿ ಬೊಕ್ಕಸ ಬರಿದು ಮಾಡಿಕೊಂಡು, ಕೊರತೆಗೆ ನೋಟು ಮುದ್ರಿಸಿದ್ದು ಬೇರೆ.

ಶಿರಸಿ ತೋಟಿಗ: ನಿಷೇಧ "ವಾಪಸ್" ಆದ ಮರುದಿನ ಗದ್ದೆಯಲ್ಲಿ ತೆನೆ ಬರ್ತದಾ? ಅದೇ ಸೆಪ್ಟೆಂಬರಲ್ಲಿ ಆಹಾರದ ಬೆಲೆಯೇರಿಕೆ ಶೇ. 94.9. ಅಕ್ಕಿ ಬೆಳೆಯೋದು ಬ್ಯಾಂಕಿನಲ್ಲಲ್ಲ.

ದರಕಿನ ಹೆಡಿಗೆ: ರಾಸಾಯನಿಕ ಇಲ್ಲದೆ ಬೆಳೆ ಇಲ್ಲ ಅಂತ ಶಿರಸಿಯವರೇ ಹೇಳೋದಾ? ನಮ್ಮ ಅಡಿಕೆ ತೋಟಗಳು ತಲೆಮಾರುಗಳಿಂದ ಸೊಪ್ಪಿನ ಬೆಟ್ಟದ ಮೇಲೇ, ಅಂದ್ರೆ ಗೊಬ್ಬರದ ಸೊಪ್ಪಿಗೆ ಅಂತ ತೋಟದವರಿಗೆ ಬಿಟ್ಟ ಕಾಡಿನ ಮೇಲೇ ನಿಂತಿವೆ.

ಶಿರಸಿ ತೋಟಿಗ: ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಸಿಕ್ಕಿದ್ದು ನಮ್ಮ ಪುಣ್ಯ. ಲಂಕಾದ ಗದ್ದೆಯವನಿಗೆ ಬೆಟ್ಟ ಎಲ್ಲಿಂದ ತರೋದು?

ದರಕಿನ ಹೆಡಿಗೆ: "ಪುಣ್ಯ" ಅಲ್ಲ ಸ್ವಾಮಿ, ದುಡಿತ! ಇಬ್ಬನಿ ಆರುವ ಮೊದಲೇ ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸಬೇಕು, ಬಿಸಿಲೇರಿದರೆ ಕೈಯಲ್ಲೇ ಪುಡಿಯಾಗ್ತದೆ. ಹೆಡಿಗೆ ಬುಟ್ಟಿಗೆ ತುಳಿದು ತುಂಬಿ, ಹೊತ್ತು ತಂದು, ಕೊಟ್ಟಿಗೆಗೆ ಹಾಸಿ, ಅದು ಗೊಬ್ಬರ ಆಗಲಿಕ್ಕೆ ವರ್ಷ ಹಿಡೀತದೆ. ನೀವು ಯಾವತ್ತಾದ್ರೂ ಹೊತ್ತಿದ್ದೀರಾ?

ಶಿರಸಿ ತೋಟಿಗ: "ವರ್ಷ ಹಿಡೀತದೆ" ಅಂತ ನೀವೇ ಬರೆದ್ರಿ. ಅವರಿಗೆ ಒಂದು ಹಂಗಾಮಿನ ಪುರುಸೊತ್ತೂ ಕೊಡಲಿಲ್ಲ.

ದರಕಿನ ಹೆಡಿಗೆ: ಹಾಗಾದ್ರೆ ತಪ್ಪು ಅವಸರದ್ದು, ಸಾವಯವದ್ದಲ್ಲ. ಅಷ್ಟು ಒಪ್ಪಿಕೊಳ್ಳಿ.

ಶಿರಸಿ ತೋಟಿಗ: "ಸಾವಯವ" ಅನ್ನೋ ಶಬ್ದವನ್ನೇ ನಾನು ಬಳಸಿಲ್ಲ. ಮೇಲೆ ಹೋಗಿ ಓದಿ.

ಬೈತಖೋಲ್ ದೋಣಿ: ಗೊಬ್ಬರ ಸಾಕು ಮಾರಾಯ್ರೆ. ಸೀಮೆಎಣ್ಣೆ ಸಿಗದೆ ಅಲ್ಲಿನ ಮೀನುಗಾರರು ದೋಣಿ ದಡಕ್ಕೆಳೆದು ಕೂತಿದ್ರು. ಸಮುದ್ರಕ್ಕೆ ಯಾರಾದ್ರೂ ಯೂರಿಯಾ ಹಾಕ್ತಾರಾ? ಇಲ್ಲಿ ಕಾರವಾರದಲ್ಲಿ ಡೀಸೆಲ್ ಏರಿದ್ರೆ ಬಂಗಡೆ ಬೆಲೆ ಏನಾಗ್ತದೆ ಅಂತ ನಮಗೆ ಗೊತ್ತು.

ಅಂಕೋಲೆ ತಂಗಿ: ನನ್ನ ಭಾವ ಆಗ ಕೊಲಂಬೊದ ಒಂದು ಹೋಟೆಲಲ್ಲಿ ಅಡುಗೆಗಿದ್ದ. ಜನ ಖಾಲಿ ಗ್ಯಾಸ್ ಸಿಲಿಂಡರುಗಳನ್ನ ಒಂದಕ್ಕೊಂದು ಸರಪಳಿ ಬಿಗಿದು ಸಾಲಲ್ಲಿ ಬಿಟ್ಟು ಹೋಗ್ತಿದ್ರಂತೆ. ಅವನ ಸಂಬಳ ಅಷ್ಟೇ ಇತ್ತು, ಇಲ್ಲಿಗೆ ಕಳಿಸುವಾಗ ಹತ್ತಿರಹತ್ತಿರ ಅರ್ಧ. ಅಕ್ಕ ಮಗಳ ಫೀಸಿಗೆ ಬಳೆ ಅಡವಿಟ್ಟಳು.

ಕುಮಟಾ ಮಾಸ್ತರ: "ಅರ್ಧ" ಆದದ್ದು ಡಾಲರ್ ಇಲ್ಲದ್ದಕ್ಕೆ. ಕಾಗದ ತರಿಸಲಿಕ್ಕೂ ಡಾಲರಿಲ್ಲದೆ ಶಾಲೆ ಪರೀಕ್ಷೆ ಮುಂದೂಡಿದರು. 2019ರ ಈಸ್ಟರ್ ಬಾಂಬ್ ದಾಳಿ, ಆಮೇಲೆ ಕೊರೊನಾ, ಪ್ರವಾಸಿಗಳೇ ಬರಲಿಲ್ಲ.

ಶಿರಸಿ ತೋಟಿಗ: ಚಹಾ ಮಾರಿದ್ರೂ ಡಾಲರೇ ಬರೋದು. ಅದನ್ನ ಕೆಡಿಸಿದ್ದು ಯಾರು?

ಕುಮಟಾ ಮಾಸ್ತರ: ಗೊಬ್ಬರವೇ ರೋಗವಾಗಿದ್ರೆ ಬಡ್ಡಿಗೆ ಯಾಕೆ ಬಗ್ಗಿತು? 2022ರ ಏಪ್ರಿಲಲ್ಲಿ ಕೇಂದ್ರ ಬ್ಯಾಂಕು ಬಡ್ಡಿಯನ್ನ ಶೇ. 7.5ರಿಂದ 14.5ಕ್ಕೆ ಒಯ್ದಿತು. 2023ರ ಸೆಪ್ಟೆಂಬರಿಗೆ ಹಣದುಬ್ಬರ ಶೇ. 1.3ಕ್ಕೆ ಇಳೀತು.

ಶಿರಸಿ ತೋಟಿಗ: "ಇಳೀತು" ಅನ್ಬೇಡಿ. ಬೆಲೆ ಇಳಿಲಿಲ್ಲ, ಏರೋದು ನಿಧಾನ ಆಯ್ತು. 2021ರ ದುಡ್ಡಿಗೆ ಅಲ್ಲಿ ಅಕ್ಕಿ ಕೇಳಿ ನೋಡಿ.